ಆವರಣದೊಳಗಿನ ಕನ್ನಡಕ

ಮೋಟಾರು ವಾಹನ ನಡೆಸಲು ಅನುಮತಿ ಬೇಡುವವರು ತಮ್ಮ ದೇಹಸ್ಥಿತಿಯ ಬಗ್ಗೆ ತಾವೇ ಬರೆದು ಸಹಿ ಹಾಕಬೇಕಾದ ಘೋಷಣೆಯೊಂದುಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಜೊತೆಗೆ ಬಂದ ಒಂದನೆಯ ನಮೂನೆ ಅದು. ಮೂರ್ಛೆ ಬರುವುದುಂಟೆ, ಇದ್ದಕ್ಕಿದ್ದಂತೆ ತಲೆ ಸುತ್ತುವುದುಂಟೆ, ಇರುಳುಗುರುಡುಂಟೆ ಎಂದು ಕೇಳುತ್ತ ಹೋಗುವ ಆ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆಯ ತಾತ್ಪರ್ಯ ಹೀಗೆ: ಒಳ್ಳೆಯ ಹಗಲು ಬೆಳಕಿನಲ್ಲಿ, ಇಪ್ಪತ್ತೈದು ಮೀಟರು ದೂರದಿಂದ, ಮೋಟಾರು ಕಾರಿನ ನಂಬರ್ ಪ್ಲೇಟನ್ನು ನೀವು ಗುರುತಿಸಬಲ್ಲಿರಾ? ಈ ಪ್ರಶ್ನೆಯ ನಡುವೆ ಒಂದು ಆವರಣ ಚಿಹ್ನೆ. ಅದರೊಳಗೆ ಎರಡು ಮಾತು: ಕನ್ನಡಕ ಧರಿಸುವವರಾದರೆ, ಕನ್ನಡಕದೊಡನೆ.

ನಾನು ವೈದ್ಯನಲ್ಲ, ನ್ಯಾಯವಾದಿಯೂ ಅಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಒಂದು ವಾಕ್ಯ ಕಣ್ಣಿಗೆ ಬಿದ್ದರೆ ಇದು ಎಲ್ಲಿಂದ ಬಂತು, ಇದರ ಮೂಲಪಾಠ ಯಾವುದು, ನಡುವೆ ಯಾರು ಯಾರು ಏನನ್ನು ಸೇರಿಸಿದರು ಎಂದು ಹುಡುಕುವುದು ನಮ್ಮ ಕಸುಬಿನವರ ಚಟ. ಇಪ್ಪತ್ತೈದೇ ಏಕೆ? ನಂಬರ್ ಪ್ಲೇಟೇ ಏಕೆ? ಕೆಂಪು ಹಸಿರುಗಳ ಪ್ರಶ್ನೆ ಎಲ್ಲಿಂದ ಬಂತು? ಹೀಗೆ ಕೇಳುತ್ತ ಹೋದರೆ, ಮನುಷ್ಯನ ಕಣ್ಣನ್ನು ರಸ್ತೆಯು ಹೇಗೆ ನಂಬಿತು, ಹೇಗೆ ನಂಬದೆ ಹೋಯಿತು ಎಂಬ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಇಂದಿನ ನನ್ನ ಮಾತು ಅದರ ಬಗ್ಗೆ.

ನಮ್ಮ ಮೋಟಾರು ಕಾನೂನಿನ ತವರು ಇಂಗ್ಲೆಂಡು; ಆದ್ದರಿಂದ ಮೊದಲು ಅಲ್ಲಿಗೆ ಹೋಗಬೇಕು. 1865ರಲ್ಲಿ ಅಲ್ಲಿ ಒಂದು ಶಾಸನವಾಯಿತು. ಯಂತ್ರಬಲದಿಂದ ರಸ್ತೆಯ ಮೇಲೆ ಚಲಿಸುವ ವಾಹನದ ಮುಂದೆ ಅರುವತ್ತು ಗಜ ದೂರದಲ್ಲಿ ಒಬ್ಬಾತ ಕೆಂಪು ಬಾವುಟ ಹಿಡಿದು ನಡೆಯಬೇಕೆಂದು ಅದು ವಿಧಿಸಿತು. ವೇಗ ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲಿ, ಊರೊಳಗೆ ಎರಡು ಮೈಲಿ. ಇದನ್ನು ಓದಿ ನಗದವರಿಲ್ಲ. ಆದರೆ ಆ ಶಾಸನದಲ್ಲಿ ಒಂದು ವಿವೇಕವಿತ್ತು. ಅದು ವಾಹನದ ಕಣ್ಣನ್ನು ವಾಹನದ ಹೊರಗೆ, ಮುಂದೆ ನಡೆಯುವವನ ಮುಖದಲ್ಲಿ ಇಟ್ಟಿತ್ತು. 1896ರಲ್ಲಿ ಕಾನೂನು ಬದಲಾಯಿತು. ಮುಂದೆ ನಡೆಯುವವನು ಮರೆಯಾದ. ವೇಗದ ಮಿತಿ ಹದಿನಾಲ್ಕು ಮೈಲಿಗೆ ಏರಿತು. ಅಂದಿನಿಂದ ದಾರಿ ನೋಡುವ ಹೊಣೆಯೆಲ್ಲ ಸಾರಥಿಯ ಎರಡು ಕಣ್ಣುಗಳ ಮೇಲೆ ಬಿತ್ತು. ಆ ಕಣ್ಣುಗಳು ಹೇಗಿವೆ ಎಂದು ವಿಚಾರಿಸಲು ಮಾತ್ರ ಇನ್ನೂ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1903ರ ಮೋಟಾರು ಕಾರು ಶಾಸನ 1904ರ ಜನವರಿ ಒಂದರಂದು ಜಾರಿಗೆ ಬಂದಿತು. ಹದಿನೇಳು ವರ್ಷ ತುಂಬಿದವನು ಐದು ಷಿಲಿಂಗು ತೆತ್ತರೆ ಲೈಸೆನ್ಸು ದೊರೆಯುತ್ತಿತ್ತು. ಪರೀಕ್ಷೆಯಿಲ್ಲ, ಪ್ರಶ್ನೆಯಿಲ್ಲ. ಕಣ್ಣು ಕಾಣದವನನ್ನು ತಡೆಯುವ ಮಾತು ಅದರಲ್ಲಿರಲಿಲ್ಲ. ಆದರೆ ಅದೇ ಶಾಸನ ಇನ್ನೊಂದು ವಸ್ತುವನ್ನು ಲೋಕಕ್ಕೆ ತಂದಿತು. ಪ್ರತಿಯೊಂದು ವಾಹನಕ್ಕೂ ಒಂದು ಗುರುತು. ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಬಣ್ಣದಲ್ಲಿ ಮೂರೂವರೆ ಅಂಗುಲ ಎತ್ತರದ ಅಕ್ಷರಗಳು, ಅಂಕಿಗಳು. ಧೂಳೆಬ್ಬಿಸಿಕೊಂಡು ಓಡಿಹೋಗುವ ಕಾರನ್ನು ಪೊಲೀಸನು ಗುರುತು ಹಿಡಿಯಲೆಂದು ಬಂದ ಫಲಕವದು. ಓಡಿಸುವವನ ಕಣ್ಣಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಸಂಬಂಧ ಬೆಳೆದದ್ದು 1930ರಲ್ಲಿ. ಆ ವರ್ಷದ ರಸ್ತೆ ಸಂಚಾರ ಶಾಸನ ಕಾರುಗಳಿಗಿದ್ದ ವೇಗದ ಮಿತಿಯನ್ನು ತೆಗೆದುಹಾಕಿತು; ಅದರ ಜೊತೆಗೆ, ಲೈಸೆನ್ಸು ಕೇಳುವವನು ತನ್ನ ದೈಹಿಕ ಯೋಗ್ಯತೆಯನ್ನು ತಾನೇ ಘೋಷಿಸಬೇಕೆಂದೂ ಕೇಳಿತು. ಕಣ್ಣಿನ ವಿಷಯದಲ್ಲಿ ಜನಸಾಮಾನ್ಯನು ತಾನಾಗಿಯೇ ನೋಡಿಕೊಳ್ಳಬಹುದಾದ ಅಳತೆ ಯಾವುದು? ವೈದ್ಯರ ಬಳಿ ಹೋಗದೆ, ಕಾಸು ಖರ್ಚಿಲ್ಲದೆ, ಯಾವ ಬೀದಿಯಲ್ಲಿ ಬೇಕಾದರೂ ಸಿಗುವ ವಸ್ತು ಯಾವುದು? ನಂಬರ್ ಪ್ಲೇಟು! ಇಪ್ಪತ್ತೈದು ಗಜ ದೂರದಿಂದ ಅದನ್ನು ಓದಬಲ್ಲೆಯಾದರೆ ನಿನ್ನ ಕಣ್ಣು ಸಾಕು ಎಂದಾಯಿತು. ತಪ್ಪಿತಸ್ಥನನ್ನು ಹಿಡಿಯಲು ಮಾಡಿದ ಫಲಕ ಹೀಗೆ ಕಣ್ಣಿನ ಪರೀಕ್ಷೆಯ ಹಲಗೆಯಾಯಿತು. ಹೊಲದ ಕೋಲು ಕೈಗೆ ಸಿಕ್ಕಿತೆಂದು ಅದರಲ್ಲೇ ಬಟ್ಟೆ ಅಳೆದಂತೆ. ಅಳತೆ ತಪ್ಪೆಂದು ನಾನು ಹೇಳುತ್ತಿಲ್ಲ. ಅಳತೆಗೋಲು ಹುಟ್ಟಿದ್ದು ಬೇರೆ ಕೆಲಸಕ್ಕೆ ಎಂಬುದನ್ನು ನೆನಪಿಡಬೇಕು, ಅಷ್ಟೆ.

ವೇಗದ ಮಿತಿ ಹೋದ ಮೇಲೆ ಸಾವುಗಳು ಕಡಮೆಯಾಗಲಿಲ್ಲ. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತವರು 7,343 ಮಂದಿ. ಆ ವರ್ಷ ಮತ್ತೊಂದು ಶಾಸನವಾಯಿತು. ಊರೊಳಗೆ ಗಂಟೆಗೆ ಮೂವತ್ತು ಮೈಲಿಯ ಮಿತಿ ಮರಳಿತು. 1935ರ ಜೂನ್ ಒಂದರಿಂದ ಹೊಸ ಚಾಲಕರೆಲ್ಲರಿಗೂ ಚಾಲನಾ ಪರೀಕ್ಷೆ ಕಡ್ಡಾಯವಾಯಿತು. ಗಾಡಿ ಹತ್ತುವ ಮುನ್ನ ಎದುರಿಗಿರುವ ಯಾವುದಾದರೊಂದು ಫಲಕವನ್ನು ಓದಿಸುವ ಪದ್ಧತಿ ಆ ದೇಶದಲ್ಲಿ ಇಂದಿಗೂ ಉಂಟು. ದೂರ ಮಾತ್ರ ಈಗ ಇಪ್ಪತ್ತು ಮೀಟರು.

ಕಣ್ಣನ್ನು ಅಳೆಯುವ ವೈದ್ಯಶಾಸ್ತ್ರದ ಕ್ರಮ ಇದಕ್ಕಿಂತ ಬಹಳ ಹಿಂದಿನದು. 1862ರಲ್ಲಿ ಹಾಲೆಂಡಿನ ಯುಟ್ರೆಕ್ಟಿನ ನೇತ್ರವೈದ್ಯ ಹರ್ಮನ್ ಸ್ನೆಲ್ಲೆನ್ ಅಕ್ಷರಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಮೇಲೆ ದೊಡ್ಡದೊಂದು ಅಕ್ಷರ, ಕೆಳಕ್ಕಿಳಿದಂತೆ ಸಣ್ಣವು. ಕಣ್ಣಿನ ಆಸ್ಪತ್ರೆಯ ಗೋಡೆಯಲ್ಲಿ ನೀವೆಲ್ಲ ನೋಡಿರುವುದೇ. ಅದರ ಹಿಂದೆ ಒಂದು ಲೆಕ್ಕವಿದೆ. ಅಕ್ಷರದ ಎತ್ತರ ನೋಡುವವನ ಕಣ್ಣಿನಲ್ಲಿ ಐದು ನಿಮಿಷಗಳ ಕೋನವನ್ನು, ಅಂದರೆ ಒಂದು ಡಿಗ್ರಿಯ ಹನ್ನೆರಡನೆಯ ಒಂದು ಪಾಲನ್ನು ಮಾಡಬೇಕು. ಗೆರೆಯ ದಪ್ಪ ಅದರ ಐದನೆಯ ಒಂದು ಪಾಲಿರಬೇಕು. ಆರಕ್ಕೆ ಹನ್ನೆರಡು ಎಂದು ವೈದ್ಯರು ಬರೆದರೆ, ಆರೋಗ್ಯವಂತ ಕಣ್ಣು ಹನ್ನೆರಡು ಮೀಟರಿನಿಂದ ಓದುವ ಅಕ್ಷರವನ್ನು ಓದಲು ಈ ಕಣ್ಣು ಆರು ಮೀಟರಿಗೆ ಬರಬೇಕು ಎಂದರ್ಥ. ಬ್ರಿಟನ್ 2012ರಲ್ಲಿ ನಂಬರ್ ಪ್ಲೇಟಿನ ಜೊತೆಗೆ ಈ ಆರಕ್ಕೆ ಹನ್ನೆರಡನ್ನೂ ಮಾನದಂಡವಾಗಿ ಸೇರಿಸಿತು. ವಿಚಿತ್ರವೆಂದರೆ ಎರಡು ಪರೀಕ್ಷೆಗಳೂ ಒಂದೇ ಜನರನ್ನು ಆರಿಸುವುದಿಲ್ಲ. ಬೀದಿಯಲ್ಲಿ ಗೆದ್ದವನು ಆಸ್ಪತ್ರೆಯಲ್ಲಿ ಸೋಲುವುದುಂಟು; ಆಸ್ಪತ್ರೆಯಲ್ಲಿ ಗೆದ್ದವನು ಬೀದಿಯಲ್ಲಿ ಸೋಲುವುದೂ ಉಂಟು.

ಇಲ್ಲಿ ಭಾಷೆಯ ಮೇಷ್ಟರಿಗೆ ಒಂದು ಮಾತು ಹೊಳೆಯದೆ ಇರದು. ಕಣ್ಣಿನ ಶಕ್ತಿಯನ್ನು ನಾವು ಅಳೆಯುತ್ತಿರುವುದು ಅಕ್ಷರದಿಂದ. ಓದುಬಲ್ಲವನು ಅಕ್ಷರವನ್ನು ಬರಿಯ ಕಣ್ಣಿನಿಂದ ಕಾಣುವುದಿಲ್ಲ. ಅರ್ಧ ಕಂಡು ಅರ್ಧ ಊಹಿಸುತ್ತಾನೆ. ನಮ್ಮ ಲಿಪಿಯನ್ನೇ ನೋಡಿ. ದುಂಡುದುಂಡಾದ ನಮ್ಮ ಅಕ್ಷರಗಳಲ್ಲಿ ದ, ಧ, ಥ ಎಂಬ ಮೂರರ ಭೇದ ಒಂದು ಸೀಳಿನಲ್ಲಿ, ಒಂದು ಚುಕ್ಕೆಯಲ್ಲಿ ಅಡಗಿದೆ. ಪ, ಫ, ಷಗಳದೂ ಅದೇ ಕತೆ. ಠಕಾರವನ್ನಾದರೋ ಎಷ್ಟು ದೂರದಿಂದಲೂ ಗುರುತಿಸಬಹುದು. ಅಕ್ಷರ ಅಕ್ಷರಕ್ಕೂ ಕಷ್ಟ ಬೇರೆ. ಇನ್ನು ಅಕ್ಷರವನ್ನೇ ಕಲಿಯದವನ ಗತಿಯೇನು? ಹದ್ದಿನ ಕಣ್ಣಿದ್ದರೂ ಅವನು ಆ ಹಲಗೆಯ ಮುಂದೆ ಕುರುಡ. ವೈದ್ಯರು ಇದನ್ನು ಬೇಗ ಅರಿತರು. ಇಂಗ್ಲಿಷಿನ ಇ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಬರೆದು, ಬಾಯಿ ಯಾವ ಕಡೆಗಿದೆಯೆಂದು ಕೈಬೆರಳಿನಿಂದ ತೋರಿಸಲು ಹೇಳಿದರು. 1888ರಲ್ಲಿ ಪ್ಯಾರಿಸಿನ ನೇತ್ರವೈದ್ಯ ಎಡ್ಮಂಡ್ ಲಾಂಡೋಲ್ಟ್ ಒಂದು ಕಡೆ ಸೀಳಿರುವ ಉಂಗುರವನ್ನು ರೂಪಿಸಿ, ಸೀಳು ಎಲ್ಲಿದೆಯೆಂದು ಕೇಳಿದರು. ವೈದ್ಯಶಾಸ್ತ್ರ ಹೀಗೆ ದೃಷ್ಟಿಯನ್ನು ವಿದ್ಯೆಯಿಂದ ಬಿಡಿಸಿತು. ಮೋಟಾರು ಕಾನೂನು ಎರಡನ್ನೂ ಮತ್ತೆ ಗಂಟುಹಾಕಿತು. ನಮ್ಮ ದೇಶದಲ್ಲಿ ಸಾರಿಗೆ ವಾಹನ ನಡೆಸುವವನು ಎಂಟನೆಯ ತರಗತಿ ಮುಗಿಸಿರಬೇಕೆಂಬ ನಿಯಮವೂ ಕೆಲಕಾಲ ಇತ್ತು. 2019ರಲ್ಲಿ ಅದನ್ನು ಕೈಬಿಟ್ಟರು. ಶಾಲೆಯ ಮೆಟ್ಟಿಲು ಹತ್ತದೆ ಸ್ಟೀರಿಂಗು ಹಿಡಿದು ಸಂಸಾರ ಸಾಕುವ ಜನಕ್ಕೆ ಅದು ದೊಡ್ಡ ಬಿಡುಗಡೆ.

ಇಂಗ್ಲೆಂಡಿನ ಪಾಠ ನಮಗೆ ಬಂದದ್ದು 1939ರ ಮೋಟಾರು ವಾಹನ ಶಾಸನದಲ್ಲಿ. ಅದಕ್ಕೂ ಮುಂಚೆ 1914ರ ಶಾಸನವೊಂದಿತ್ತು. 1939ರದು ಒಂದು ಅನುಬಂಧದಲ್ಲಿ, ಲೈಸೆನ್ಸಿಗೆ ಸಂಪೂರ್ಣವಾಗಿ ಅನರ್ಹಗೊಳಿಸುವ ರೋಗಗಳನ್ನೂ ಊನಗಳನ್ನೂ ಪಟ್ಟಿಮಾಡಿತು. ಇಪ್ಪತ್ತೈದು ಗಜ, ಹಗಲು ಬೆಳಕು, ಕಪ್ಪಿನ ಮೇಲೆ ಬಿಳಿ ಅಕ್ಷರಗಳು ಎಲ್ಲವೂ ಅದರಲ್ಲಿ ಬಂದವು. ಆದರೆ ನಮ್ಮವರು ಒಂದು ಹೆಜ್ಜೆ ಮುಂದೆ ಹೋದರು. ಎರಡು ಕಣ್ಣೂ ಸೇರಿ ಕಂಡರೆ ಸಾಲದು, ಒಂದೊಂದು ಕಣ್ಣೂ ಬೇರೆಬೇರೆಯಾಗಿ ಕಾಣಬೇಕು ಎಂದರು. ಕೆಂಪು ಹಸಿರುಗಳ ಭೇದ ತಿಳಿಯಬೇಕು ಎಂದರು. ಸಾಮಾನ್ಯವಾದ ಶಬ್ದಸೂಚನೆ ಕಿವಿಗೆ ಕೇಳಬೇಕು ಎಂದರು. ಗಜ ಮುಂದೆ ಮೀಟರಾಯಿತು. 1988ರಲ್ಲಿ ಹೊಸ ಶಾಸನವೂ ಬಂದಿತು. ಪ್ರಶ್ನೆಗಳ ಮೂಲಧಾತು ಬದಲಾಗಲಿಲ್ಲ.

ಈ ಮೂರರಲ್ಲಿ ಕೆಂಪು ಹಸಿರಿನ ಕತೆಯೇ ಹೆಚ್ಚು ಸ್ವಾರಸ್ಯದ್ದು. ಬಣ್ಣಗುರುಡಿನ ಬಗ್ಗೆ ಮೊದಲ ಮುಖ್ಯ ಪ್ರಬಂಧವನ್ನು ಓದಿದವರು ಪರಮಾಣುವಾದಕ್ಕೆ ಹೆಸರಾದ ಜಾನ್ ಡಾಲ್ಟನ್. ಓದಿದ್ದು 1794ರಲ್ಲಿ, ಮ್ಯಾಂಚೆಸ್ಟರಿನ ಸಾಹಿತ್ಯ ಮತ್ತು ತತ್ತ್ವಶಾಸ್ತ್ರ ಸಂಘದಲ್ಲಿ. ಅವರಿಗೇ ಆ ದೋಷವಿತ್ತು. ತಮ್ಮ ಕಣ್ಣೊಳಗಿನ ದ್ರವ ನೀಲಿಯಾಗಿರಬೇಕೆಂದು ಅವರು ಊಹಿಸಿದ್ದರು. ಸತ್ತ ಮೇಲೆ ನೋಡಿ ಎಂದು ಹೇಳಿಹೋಗಿದ್ದರು. 1844ರಲ್ಲಿ ಅವರು ತೀರಿಕೊಂಡಾಗ ನೋಡಿದರೆ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟಿದ್ದ ಆ ಕಣ್ಣಿನ ಅಂಶವನ್ನು ವಿಜ್ಞಾನಿಗಳು ಪರೀಕ್ಷಿಸಿ, ಹಸಿರನ್ನು ಗ್ರಹಿಸುವ ವರ್ಣದ್ರವ್ಯವೇ ಡಾಲ್ಟನ್ನರಿಗೆ ಇರಲಿಲ್ಲವೆಂದು ತಿಳಿಸಿದ್ದು 1995ರಲ್ಲಿ. ನೂರೈವತ್ತು ವರ್ಷಗಳ ಮೇಲೆ ಒಂದು ಪ್ರಶ್ನೆಗೆ ಉತ್ತರ ಸಿಕ್ಕಿತು!

ಪ್ರಬಂಧದಲ್ಲಿದ್ದ ಈ ಕುತೂಹಲ ಕಾನೂನಾದದ್ದು ಒಂದು ಅಪಘಾತದಿಂದ. 1875ರ ನವೆಂಬರಿನಲ್ಲಿ ಸ್ವೀಡನ್ನಿನ ಲಾಗರ್‌ಲುಂಡಾ ಎಂಬಲ್ಲಿ ಎರಡು ರೈಲುಗಳು ಎದುರುಬದುರಾಗಿ ಡಿಕ್ಕಿ ಹೊಡೆದು ಒಂಬತ್ತು ಜನ ಸತ್ತರು. ಉಪ್ಸಾಲಾದ ಶರೀರವಿಜ್ಞಾನಿ ಫ್ರಿತಿಯೋಫ್ ಹೋಮ್‌ಗ್ರೆನ್, ಸಂಕೇತದೀಪದ ಬಣ್ಣ ತಿಳಿಯದೆ ಹೀಗಾಗಿರಬೇಕೆಂದು ವಾದಿಸಿದರು. ಬಣ್ಣಬಣ್ಣದ ಉಣ್ಣೆಯ ಎಳೆಗಳನ್ನು ಮುಂದಿಟ್ಟು, ಒಂದಕ್ಕೊಂದು ಹೊಂದುವುದನ್ನು ಆರಿಸಿರೆಂದು ಕೇಳುವ ಸುಲಭವಾದ ಪರೀಕ್ಷೆಯನ್ನು ಕಂಡುಹಿಡಿದರು. ಕೆಲವೇ ವರ್ಷಗಳಲ್ಲಿ ಆ ಉಣ್ಣೆಯ ಪರೀಕ್ಷೆ ಅನೇಕ ದೇಶಗಳ ರೈಲ್ವೆಗಳಿಗೆ ಹರಡಿತು. ಆದರೆ 2012ರಲ್ಲಿ ದೃಷ್ಟಿವಿಜ್ಞಾನದ ಇಬ್ಬರು ವಿದ್ವಾಂಸರು ಹಳೆಯ ದಾಖಲೆಗಳನ್ನೆಲ್ಲ ತೆಗೆದು ನೋಡಿ, ಆ ದುರಂತಕ್ಕೆ ಬಣ್ಣಗುರುಡು ಮುಖ್ಯ ಕಾರಣವೆನ್ನಲು ಆಧಾರ ಸಾಲದೆಂದು ಬರೆದರು. ಪರೀಕ್ಷೆ ಗಟ್ಟಿ, ಅದರ ಸ್ಥಳಪುರಾಣ ಸಡಿಲ.

ರೈಲಿನ ಕೆಂಪು ಹಸಿರುಗಳೇ ರಸ್ತೆಗೂ ಬಂದವು. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಪಾರ್ಲಿಮೆಂಟು ಭವನದ ಎದುರು ನಿಲ್ಲಿಸಿದ ಮೊದಲ ಸಂಚಾರ ದೀಪ ರೈಲ್ವೆಯ ಎಂಜಿನಿಯರೊಬ್ಬರ ಕಲ್ಪನೆ. ಅನಿಲದಿಂದ ಉರಿಯುತ್ತಿದ್ದ ಆ ದೀಪ ಕೆಲವೇ ವಾರಗಳಲ್ಲಿ ಸಿಡಿದುಹೋಯಿತು, ಬಣ್ಣಗಳು ಉಳಿದವು. ಆದರೆ ರೈಲಿಗೂ ರಸ್ತೆಗೂ ಒಂದು ಅಂತರವುಂಟು. ಕತ್ತಲಲ್ಲಿ ದೂರದಿಂದ ಕಾಣುವ ಒಂಟಿ ದೀಪದ ಬಣ್ಣವೊಂದನ್ನೇ ನಂಬಿ ರೈಲಿನವನು ಸಾಗಬೇಕಿತ್ತು. ನಮ್ಮ ಚೌಕದ ದೀಪಗಳಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ. ಬಣ್ಣ ತಿಳಿಯದವನಿಗೆ ಸ್ಥಾನವಾದರೂ ತಿಳಿಯುತ್ತದೆ. ಈ ಅಂತರವನ್ನು ಗಮನಿಸದೆ ನಮ್ಮ ಕಾನೂನು ಎಂಬತ್ತು ವರ್ಷ ಬಣ್ಣಗುರುಡರನ್ನು ಹೊರಗಿಟ್ಟಿತು. ಕೊನೆಗೆ 2020ರ ಜೂನಿನಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ತಿದ್ದಿ, ಸೌಮ್ಯ ಮತ್ತು ಮಧ್ಯಮ ಪ್ರಮಾಣದ ದೋಷವುಳ್ಳವರು ವಾಹನ ನಡೆಸಬಹುದೆಂದಿತು. ತೀವ್ರವಾದ ದೋಷವುಳ್ಳವರಿಗೆ ಮಾತ್ರ ನಿಷೇಧ ಉಳಿಯಿತು.

ಒಂಟಿ ಕಣ್ಣಿನ ಕತೆಗೆ ನಮ್ಮಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. 1961ರ ಜುಲೈ ಒಂದರಂದು ಇಂಗ್ಲೆಂಡಿನ ಹೋವ್ ಪಟ್ಟಣದಲ್ಲಿ ಕಾರು ಅಪಘಾತವಾಗಿ ಮನ್ಸೂರ್ ಅಲಿ ಖಾನ್ ಪಟೌಡಿಯವರ ಬಲಗಣ್ಣಿನ ದೃಷ್ಟಿ ಹೋಯಿತು. ಅದೇ ವರ್ಷದ ಕೊನೆಯಲ್ಲಿ ಅವರು ಭಾರತಕ್ಕಾಗಿ ಟೆಸ್ಟ್ ಆಡಿದರು. 1962ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ನಾಯಕರಾದರು. 1964ರಲ್ಲಿ ದೆಹಲಿಯಲ್ಲಿ ಇಂಗ್ಲೆಂಡಿನ ಎದುರು ಔಟಾಗದೆ 203 ಓಟಗಳನ್ನು ಗಳಿಸಿದರು. ವೇಗದ ಬೌಲರು ಎಸೆದ ಚೆಂಡನ್ನು ಒಂದು ಕಣ್ಣಿನಿಂದ ಕಂಡು ಹೊಡೆಯಬಲ್ಲವನು ಎದುರು ಬರುವ ಬಸ್ಸನ್ನು ಕಾಣಲಾರನೆ? ಎಲ್ಲರೂ ಪಟೌಡಿಗಳಲ್ಲ, ಒಪ್ಪುವೆ. ಆದರೆ ಒಂದು ಕಣ್ಣು ಕಳೆದುಕೊಂಡ ಮನುಷ್ಯ ತಲೆಯನ್ನು ಹೆಚ್ಚು ತಿರುಗಿಸಲು, ದೂರವನ್ನು ಬೇರೆ ಗುರುತುಗಳಿಂದ ಅಳೆಯಲು ನಿಧಾನವಾಗಿ ಕಲಿಯುತ್ತಾನೆಂಬುದು ನಿಜ. 1989ರ ನಮೂನೆ ಇದನ್ನು ಸ್ವಲ್ಪಮಟ್ಟಿಗೆ ಒಪ್ಪಿತು. ಐದು ವರ್ಷವಾದರೂ ಲೈಸೆನ್ಸು ಹೊಂದಿದ್ದು ಆಮೇಲೆ ಒಂದು ಕಣ್ಣು ಕಳೆದುಕೊಂಡವನು, ಹೊರಗನ್ನಡಿಯಿರುವ ಲಘು ವಾಹನ ನಡೆಸಲು ಕೇಳಿದರೆ, ಒಂದೇ ಕಣ್ಣಿನಿಂದ ಫಲಕ ಗುರುತಿಸಿದರೂ ಸಾಕೆಂದಿತು. ಅನುಭವಕ್ಕೂ ಕಣ್ಣಿನ ಬೆಲೆಯುಂಟೆಂದು ಕಾನೂನು ಒಪ್ಪಿದ ಅಪರೂಪದ ಗಳಿಗೆ ಅದು. ಕಿವುಡರ ವಿಷಯದಲ್ಲಿ ಬಾಗಿಲು ತೆರೆದದ್ದು ನ್ಯಾಯಾಲಯ. 2011ರ ಫೆಬ್ರುವರಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ, ಕಿವುಡರೆಂಬ ಕಾರಣದಿಂದಲೇ ಅವರನ್ನು ಬಾಗಿಲಲ್ಲಿ ತಡೆಯದೆ ಚಾಲನಾ ಪರೀಕ್ಷೆಗೆ ಕೂಡಿಸಬೇಕೆಂದು ಹೇಳಿತು.

ಹೊರಗಿಟ್ಟವರ ಕತೆ ಇದಾಯಿತು. ಒಳಗೆ ಬಿಟ್ಟವರ ಕತೆ ಇನ್ನೂ ಗಂಭೀರವಾದದ್ದು. ನಿಂತ ನೆಲದಲ್ಲಿ, ನಿಂತ ಫಲಕವನ್ನು, ಹಗಲು ಬೆಳಕಿನಲ್ಲಿ ಓದುವುದಕ್ಕೂ, ಓಡುವ ರಥದಿಂದ ಲೋಕವನ್ನು ಕಾಣುವುದಕ್ಕೂ ಅಜಗಜಾಂತರ. ಮಹಾಭಾರತದ ನಳೋಪಾಖ್ಯಾನದಲ್ಲಿ ಬಾಹುಕನ ವೇಷದ ನಳ ಋತುಪರ್ಣನ ರಥವನ್ನು ಹೊಡೆಯುವ ಪ್ರಸಂಗ ನಿಮಗೆ ನೆನಪಿರಬಹುದು. ರಾಜನ ಉತ್ತರೀಯ ಜಾರಿ ಬೀಳುತ್ತದೆ. ನಿಲ್ಲಿಸು, ತರಿಸುತ್ತೇನೆ ಎನ್ನುತ್ತಾನೆ ರಾಜ. ಅದು ಬಿದ್ದ ಜಾಗ ಆಗಲೇ ಒಂದು ಯೋಜನ ಹಿಂದೆ ಉಳಿಯಿತು ಎನ್ನುತ್ತಾನೆ ಸಾರಥಿ. ವೇಗದಲ್ಲಿ, ಕಂಡದ್ದಕ್ಕೂ ಮಾಡಬಹುದಾದದ್ದಕ್ಕೂ ನಡುವೆ ದೂರ ಹುಟ್ಟುತ್ತದೆ. ಈ ದೂರವನ್ನು ಬ್ರಿಟನ್ನಿನ ರಸ್ತೆ ಸಂಹಿತೆ ಲೆಕ್ಕಹಾಕಿ ಕೊಟ್ಟಿದೆ. ಗಂಟೆಗೆ ಮೂವತ್ತು ಮೈಲಿಯಲ್ಲಿ ಹೋಗುವ ಕಾರು, ಅಪಾಯ ಕಂಡ ಗಳಿಗೆಯಿಂದ ಪೂರ್ಣ ನಿಲ್ಲುವ ಹೊತ್ತಿಗೆ 23 ಮೀಟರು ಸಾಗಿರುತ್ತದೆ. ಅರುವತ್ತು ಮೈಲಿಯಲ್ಲಾದರೆ 73 ಮೀಟರು. ಹಳೆಯ ಇಪ್ಪತ್ತೈದು ಗಜವೆಂದರೆ ಹೆಚ್ಚು ಕಡಮೆ ಆ 23 ಮೀಟರೇ. ಅಕ್ಷರ ಕಾಣುವ ದೂರ ಬೇರೆ, ಮನುಷ್ಯಾಕೃತಿ ಕಾಣುವ ದೂರ ಬೇರೆ, ಅದನ್ನು ಬಲ್ಲೆ. ಆದರೂ ಈ ಆಕಸ್ಮಿಕ ಹೊಂದಾಣಿಕೆ ಒಂದು ಮಾತು ಹೇಳುತ್ತದೆ: ವೇಗ ಬೆಳೆದಿದೆ, ನಿಲ್ಲಲು ಬೇಕಾದ ನೆಲ ಬೆಳೆದಿದೆ, ಅಳತೆಗೋಲು ಮಾತ್ರ ಇದ್ದಲ್ಲೇ ಇದೆ.

ವಿಜ್ಞಾನಿಗಳು ಈ ಸಂಶಯವನ್ನು ಪರೀಕ್ಷಿಸಿ ನೋಡಿದ್ದಾರೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯದ ಆಲ್ಬರ್ಟ್ ಬರ್ಗ್ ಸುಮಾರು 17,500 ಚಾಲಕರ ದೃಷ್ಟಿಯನ್ನೂ ಅವರ ಅಪಘಾತಗಳ ದಾಖಲೆಯನ್ನೂ ಹೋಲಿಸಿದರು. ನಿಂತ ಅಕ್ಷರ ಓದುವ ಶಕ್ತಿಗೂ ಅಪಘಾತಕ್ಕೂ ಇರುವ ನಂಟು ಬಹಳ ತೆಳುವಾದದ್ದೆಂದು ಕಂಡಿತು. 1993ರಲ್ಲಿ ಅಮೆರಿಕದ ಅಲಬಾಮದಲ್ಲಿ ಕಾರ್ಲೀನ್ ಬಾಲ್, ಸಿಂಥಿಯಾ ಔಸ್ಲಿ ಮತ್ತು ಸಂಗಡಿಗರು ವಯಸ್ಸಾದ ಚಾಲಕರನ್ನು ಪರೀಕ್ಷಿಸಿ, ಎದುರಿಗಿರುವುದನ್ನು ನೋಡುತ್ತಲೇ ಪಕ್ಕದಲ್ಲಿ ಮೂಡುವುದನ್ನೂ ಕ್ಷಣದಲ್ಲಿ ಗಮನಿಸುವ ಶಕ್ತಿಯೇ ಅಪಘಾತವನ್ನು ಹೆಚ್ಚು ಸರಿಯಾಗಿ ಮುನ್ಸೂಚಿಸುತ್ತದೆಂದು ತೋರಿಸಿದರು. ಕಾಣುವುದು ಬೇರೆ, ಗಮನಿಸುವುದು ಬೇರೆ. ಕಾವ್ಯ ಓದಿದವರಿಗೆ ಇದು ಹೊಸ ಮಾತಲ್ಲ.

ಇಷ್ಟೆಲ್ಲ ಇದ್ದರೂ, ಇರುವ ಒರಟು ಅಳತೆಯನ್ನಾದರೂ ನಾವು ನಿಜವಾಗಿ ಬಳಸುತ್ತೇವೆಯೆ? ಕೆಲವು ವರ್ಷಗಳ ಹಿಂದೆ ನನ್ನ ಲೈಸೆನ್ಸಿನ ಅವಧಿ ಮುಗಿದು ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕಾಯಿತು. ಒಬ್ಬರ ಬಳಿ ಹೋದೆ. ಊರೂ ಬೇಡ, ಹೆಸರೂ ಬೇಡ. ಅವರು ನನ್ನ ಹೆಸರು, ವಯಸ್ಸು ಕೇಳಿ ಬರೆದುಕೊಂಡು ಮೊಹರು ಒತ್ತಿದರು. “ಕಣ್ಣು ನೋಡುವುದಿಲ್ಲವೆ ಡಾಕ್ಟ್ರೆ?” ಎಂದೆ. “ಕನ್ನಡಕ ಹಾಕಿದ್ದೀರಲ್ಲ ಸಾರ್, ಚೆನ್ನಾಗೇ ಕಾಣುತ್ತೆ ಬಿಡಿ” ಎಂದು ಮುಂದಿನವರನ್ನು ಕರೆದರು. ನಾನು ಅಲ್ಲಿಂದ ನೇರವಾಗಿ ಕಣ್ಣಿನ ವೈದ್ಯರಲ್ಲಿಗೆ ಹೋದೆ. ಎಡಗಣ್ಣಿನಲ್ಲಿ ಪೊರೆ ಬೆಳೆಯಲು ತೊಡಗಿತ್ತು. ಅದು ಎಷ್ಟು ಮೆಲ್ಲನೆ ಬರುತ್ತದೆಂದರೆ, ಕತ್ತಲಾಗುತ್ತಿರುವುದು ಕಣ್ಣಿಗಲ್ಲ, ಲೋಕಕ್ಕೆ ಎನಿಸುತ್ತದೆ. ಸಂಜೆಯ ಹೊತ್ತು ಎದುರಿನ ದೀಪಗಳು ಹೂವಿನಂತೆ ಅರಳಿ ಕಾಣುತ್ತಿದ್ದುದಕ್ಕೆ ಹೆಡ್‌ಲೈಟುಗಳ ಪ್ರಖರತೆಯೇ ಕಾರಣವೆಂದು ನಾನು ಎಣಿಸಿದ್ದೆ. ತನ್ನ ಕಣ್ಣಿಗೆ ತಾನೇ ಸಾಕ್ಷಿಯಾಗುವುದು ಎಷ್ಟು ಕಷ್ಟವೆಂಬುದನ್ನು ಹೇಳಲು ಇಷ್ಟನ್ನು ಹೇಳಿದೆ.

ಈ ಕಷ್ಟದ ಬೆಲೆಯನ್ನು ಬ್ರಿಟನ್ 2011ರಲ್ಲಿ ತೆತ್ತಿತು. ಕೋಲ್ಚೆಸ್ಟರ್ ಪಟ್ಟಣದಲ್ಲಿ ಎಂಬತ್ತೇಳು ವರ್ಷದ ಚಾಲಕರೊಬ್ಬರ ಕಾರು ಪಾದಚಾರಿ ಮಾರ್ಗಕ್ಕೆ ನುಗ್ಗಿ ಹದಿನಾರು ವರ್ಷದ ಹುಡುಗಿ ಸತ್ತಳು. ಕೆಲವೇ ದಿನಗಳ ಹಿಂದೆ ಇನ್ನೊಂದು ಸಣ್ಣ ಅಪಘಾತವಾದಾಗ ಪೊಲೀಸರು ಅವರಿಗೆ ನಂಬರ್ ಪ್ಲೇಟು ಓದಿಸಿದ್ದರು. ಅವರು ಓದಲಾರದೆ ಹೋಗಿದ್ದರು. ಲೈಸೆನ್ಸು ಬಿಟ್ಟುಕೊಡಿ ಎಂದರೆ ಒಪ್ಪಿರಲಿಲ್ಲ. ಅಲ್ಲಿಯೇ ಕಿತ್ತುಕೊಳ್ಳುವ ಅಧಿಕಾರ ಪೊಲೀಸರಿಗೂ ಇರಲಿಲ್ಲ. ಹುಡುಗಿಯ ತಾಯಿ ಹೋರಾಡಿದರು. 2013ರಿಂದ, ಫಲಕ ಓದಲಾರದ ಚಾಲಕನ ಲೈಸೆನ್ಸನ್ನು ತಕ್ಷಣವೇ ರದ್ದುಪಡಿಸುವಂತೆ ಪೊಲೀಸರು ಕೇಳುವ ವ್ಯವಸ್ಥೆ ಬಂದಿತು. ಆದರೂ ಬುಡದ ಸಮಸ್ಯೆ ಉಳಿಯಿತು. ಎಪ್ಪತ್ತು ದಾಟಿದವರು ಅಲ್ಲಿ ಮೂರು ವರ್ಷಕ್ಕೊಮ್ಮೆ ಲೈಸೆನ್ಸು ನವೀಕರಿಸಬೇಕು; ಕಣ್ಣಿನ ಬಗ್ಗೆ ಅವರದೇ ಘೋಷಣೆ ಸಾಕಾಗಿತ್ತು. ದೃಷ್ಟಿ ಕುಂದಿದ್ದ ಚಾಲಕರಿಂದಾದ ನಾಲ್ಕು ಸಾವುಗಳನ್ನು ವಿಚಾರಿಸಿದ ಲ್ಯಾಂಕಷೈರಿನ ಮರಣವಿಚಾರಣಾಧಿಕಾರಿ, ಈ ಸ್ವಂತ ಘೋಷಣೆಯ ಪದ್ಧತಿ ಸುರಕ್ಷಿತವಲ್ಲವೆಂದು 2025ರಲ್ಲಿ ಸರ್ಕಾರಕ್ಕೆ ಬರೆದರು. 1930ರಲ್ಲಿ ಪ್ರಜೆಯ ಮಾತಿನ ಮೇಲಿಟ್ಟ ನಂಬಿಕೆಗೆ ತೊಂಬತ್ತೈದು ವರ್ಷಗಳ ಮೇಲೆ ಬಂದ ತೀರ್ಪು ಇದು.

ಹಾಗಾದರೆ ಎಲ್ಲರನ್ನೂ ಕಠಿಣವಾಗಿ ಪರೀಕ್ಷಿಸಿ, ಸೋತವರ ಲೈಸೆನ್ಸು ಕಿತ್ತುಕೊಂಡರೆ ಮುಗಿಯಿತೆ? ನನಗೆ ಹಾಗೆನಿಸುವುದಿಲ್ಲ. ರಾತ್ರಿಯಿಡೀ ಲಾರಿ ನಡೆಸುವ ಐವತ್ತರ ಚಾಲಕನನ್ನು ಯೋಚಿಸಿ. ಕಣ್ಣು ಮಂಜಾಗಿದೆಯೆಂದು ಬಾಯಿಬಿಟ್ಟರೆ ನಾಳೆಯ ಅನ್ನ ಹೋಗುತ್ತದೆಂಬ ಭಯವಿದ್ದಾಗ ಅವನು ಸತ್ಯ ಹೇಳಿಯಾನೆ? ಪರೀಕ್ಷೆಯೆಂಬುದು ಕಸಿದುಕೊಳ್ಳುವ ಬಾಗಿಲು ಮಾತ್ರವಾದರೆ ಜನ ಅದರತ್ತ ಸುಳಿಯುವುದಿಲ್ಲ. ಸುಳಿದರೂ ಮೊಹರು ಒತ್ತಿಸಿಕೊಂಡು ಹೋಗುತ್ತಾರೆ. ಕೊಡುವ ಬಾಗಿಲೂ ಅದೇ ಆಗಬೇಕು.

ಈ ನಾಡಿಗೆ ಇದು ತಿಳಿಯದ ದಾರಿಯಲ್ಲ. ಬೀಳಗಿಯಲ್ಲಿ ಹುಟ್ಟಿ ದಾವಣಗೆರೆಯಲ್ಲಿ ನೆಲೆಸಿದ್ದ ಡಾಕ್ಟರ್ ಎಂ. ಸಿ. ಮೋದಿಯವರು ಹಳ್ಳಿ ಹಳ್ಳಿಗೆ ಹೋಗಿ, ಶಿಬಿರ ಹೂಡಿ, ಸಾಲುಗಟ್ಟಿ ಕುಳಿತ ಬಡವರ ಕಣ್ಣಿನ ಪೊರೆ ತೆಗೆದರು. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದು ಕರೆದರು. 1968ರಲ್ಲಿ ಪದ್ಮಭೂಷಣ ಬಂದಿತು; 2005ರಲ್ಲಿ ಅವರು ತೀರಿಕೊಂಡರು. ಅವರ ಕಾರ್ಯ ರಸ್ತೆಗೆ ಸಂಬಂಧಿಸಿದ್ದಲ್ಲ. ಆದರೆ ಪೊರೆ ತೆಗೆಯುವುದಕ್ಕೂ ರಸ್ತೆಗೂ ಸಂಬಂಧವುಂಟೆಂದು ಮುಂದೆ ತಿಳಿಯಿತು. ಅಲಬಾಮದ ಅದೇ ಸಿಂಥಿಯಾ ಔಸ್ಲಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೊರೆಯಿದ್ದ ವಯಸ್ಸಾದ ಚಾಲಕರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಅಪಘಾತಗಳ ಪ್ರಮಾಣ, ಮಾಡಿಸಿಕೊಳ್ಳದವರಿಗಿಂತ ಸುಮಾರು ಅರ್ಧ. ಲೈಸೆನ್ಸು ಕಿತ್ತುಕೊಳ್ಳದೆ, ಕಣ್ಣು ಕೊಟ್ಟು, ರಸ್ತೆಯನ್ನು ಕಾಯಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಆದ್ದರಿಂದಲೇ ಆ ನಮೂನೆಯ ಆವರಣ ಚಿಹ್ನೆ ನನಗೆ ಮುಖ್ಯವೆನಿಸುತ್ತದೆ. ಗಜ, ಮೀಟರು, ಕೆಂಪು, ಹಸಿರು ಇವೆಲ್ಲ ಕಾನೂನಿನ ಕಟ್ಟುನಿಟ್ಟು. ಕನ್ನಡಕ ಧರಿಸುವವರಾದರೆ ಕನ್ನಡಕದೊಡನೆ ಎಂಬುದು ಅದರ ಕರುಣೆ. ನೀನು ಹುಟ್ಟಿದಾಗ ಪಡೆದ ಕಣ್ಣು ಹೇಗಿತ್ತೆಂಬುದು ಮುಖ್ಯವಲ್ಲ. ಮನುಷ್ಯರು ಮನುಷ್ಯರಿಗಾಗಿ ಮಾಡಿಕೊಂಡ ನೆರವನ್ನು ಪಡೆದು ಈಗ ನೀನು ಏನನ್ನು ಕಾಣಬಲ್ಲೆ ಎಂಬುದು ಮುಖ್ಯ ಎಂದು ಆ ಎರಡು ಮಾತು ಹೇಳುತ್ತವೆ. ಬಣ್ಣಗುರುಡರಿಗೆ, ಒಂಟಿ ಕಣ್ಣಿನವರಿಗೆ, ಕಿವುಡರಿಗೆ ತಡವಾಗಿ ದೊರೆತ ನ್ಯಾಯವೆಲ್ಲ ಆ ಆವರಣವೇ ಸ್ವಲ್ಪ ಸ್ವಲ್ಪವಾಗಿ ಹಿಗ್ಗಿದ್ದರ ಫಲ. ಇನ್ನು ಅದರೊಳಗೆ ಸೇರಬೇಕಾದದ್ದು ಪ್ರಾಮಾಣಿಕವಾದ ಪರೀಕ್ಷೆ ಮತ್ತು ಕೈಗೆಟುಕುವ ಚಿಕಿತ್ಸೆ. ಕೇಳುಗರಲ್ಲಿ ನಲವತ್ತು ದಾಟಿದವರು, ಮೊಹರು ಒತ್ತುವವರನ್ನಲ್ಲ, ಕಣ್ಣು ನೋಡುವವರನ್ನು ಕಂಡು ಬರಬೇಕೆಂದು ನನ್ನ ಬಿನ್ನಹ. ರಸ್ತೆಯಲ್ಲಿ ಎದುರಿಗೆ ಬರುವ ಅಪರಿಚಿತನು ನಮ್ಮ ಕಣ್ಣನ್ನು ನಂಬಿ ಹೆಜ್ಜೆ ಇಡುತ್ತಾನೆ. ಅವನ ಕಣ್ಣನ್ನು ನಂಬಿ ನಾವು.